ಗೊಂಬೆಯ ಸ್ವೆಟರ್ ಎಸೆಯಬೇಡಿ

ಸಂಪಾದಕರಿಗೆ,

ಮಾನ್ಯರೇ,

ಹೋದ ಭಾನುವಾರದ ಪುರವಣಿಯಲ್ಲಿ ಹಳೇ ಆಕ್ಷನ್ ಗೊಂಬೆಗಳನ್ನು, ಅಂದರೆ ಕೈಕಾಲು ಮಡಚುವ ಸೈನಿಕನಂಥ ಗೊಂಬೆಗಳನ್ನು, ಕೂಡಿಡುವವರ ಬಗ್ಗೆ ಬಂದ ಬರಹವನ್ನು ಎರಡು ಸಲ ಓದಿದೆ. ಇಂಥ ವಿಷಯಕ್ಕೆ ನೀವು ಅಷ್ಟು ಜಾಗ ಕೊಟ್ಟಿದ್ದು ನೋಡಿ ತುಂಬ ಖುಷಿಯಾಯಿತು. ಆದರೆ ಅದರಲ್ಲಿದ್ದ ಒಂದು ಸಲಹೆ ಮಾತ್ರ ಮನಸ್ಸಿನಿಂದ ಹೋಗುತ್ತಲೇ ಇಲ್ಲ. ಹಳೇ ಗೊಂಬೆಯ ಜತೆ ಮನೆಯಲ್ಲಿ ಹೊಲಿದ ಬಟ್ಟೆ ಬಂದರೆ ಅದನ್ನು ತೆಗೆದುಬಿಡಿ, ಕಂಪನಿಯ ಚೀಟಿ ಇಲ್ಲದ ಬಟ್ಟೆಗೆ ಬೆಲೆಯಿಲ್ಲ ಎಂದು ಬರೆದಿದ್ದರು. ಇದನ್ನು ಓದಿ ಯಾರಾದರೂ ಹಾಗೇ ಮಾಡಿಬಿಟ್ಟಾರು ಅನ್ನುವ ಭಯಕ್ಕೆ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ. ದಯವಿಟ್ಟು ಕತ್ತರಿಸದೆ ಹಾಕಿ.

ನಾನು 31 ವರ್ಷದಿಂದ ಬಟ್ಟೆ ಹೊಲಿಯುತ್ತಿದ್ದೇನೆ. ಗೊಂಬೆ ಸೇರಿಸಲು ಶುರು ಮಾಡಿ 14 ವರ್ಷವಾಯಿತು. ಅಮೆರಿಕದಲ್ಲಿರುವ ಅಕ್ಕನ ಮಗ ಅಲ್ಲಿ ಯಾರದೋ ಮನೆ ಖಾಲಿ ಮಾಡುವಾಗ ನಡೆದ ಮಾರಾಟದಲ್ಲಿ ಒಂದು ಪುಟ್ಟ ಮರದ ಪೆಟ್ಟಿಗೆ ಕೊಂಡಿದ್ದ. ಹಸಿರು ಬಣ್ಣ ಬಳಿದ ಪೆಟ್ಟಿಗೆ. ಸೈನಿಕರು ಮಂಚದ ಬುಡದಲ್ಲಿ ಇಟ್ಟುಕೊಳ್ಳುವ ಪೆಟ್ಟಿಗೆ ಇರುತ್ತದಲ್ಲ, ಅದರ ಚಿಕ್ಕ ರೂಪ. ಅದಕ್ಕೆ ಫುಟ್‌ಲಾಕರ್ ಅನ್ನುತ್ತಾರೆ. ‘ಚಿಕ್ಕಮ್ಮಾ, ಗೊಂಬೆ ಬಿಡಿ, ಇದರೊಳಗಿನ ಬಟ್ಟೆ ನೋಡಿ’ ಅಂತ ನನ್ನ ಮಷೀನಿನ ಪಕ್ಕ ಇಟ್ಟ. ಒಳಗೆ ಜಿ.ಐ. ಜೋ ಎಂಬ ಅಮೆರಿಕದ ಸೈನಿಕ ಗೊಂಬೆ, ಒಂದು ಹಸಿರು ಅಂಗಿ, ಪ್ಯಾಂಟು, ಒಂದೇ ಒಂದು ಬೂಟು, ಒಂದು ಹೆಲ್ಮೆಟ್, ನೀರಿನ ಬಾಟಲಿಯ ಬಟ್ಟೆ ಕವಚ ಇದ್ದವು. ಬಾಟಲಿ ಇರಲಿಲ್ಲ. ನಾನು ಗೊಂಬೆಯ ಮುಖ ನೋಡುವ ಮೊದಲು ಅಂಗಿಯ ಒಳಗಡೆ ತಿರುಗಿಸಿ ಹೊಲಿಗೆ ನೋಡಿದೆ. ಅಲ್ಲಿಂದ ಹಿಂದೆ ಬರಲು ಆಗಲೇ ಇಲ್ಲ.

ಈ ಬಟ್ಟೆಗಳಲ್ಲಿ ಏನಿದೆ ಅಂತ ಹೊಲಿಯದವರಿಗೆ ಹೇಳಬೇಕು. ಹಳೇ ಜಿ.ಐ. ಜೋ 11.5 ಇಂಚು ಎತ್ತರ. ಅದನ್ನು 6ರಿಂದ ಗುಣಿಸಿ. 69 ಇಂಚು, ಅಂದರೆ 5 ಅಡಿ 9 ಇಂಚಿನ ಒಬ್ಬ ಮನುಷ್ಯ. ಅಂದರೆ ಎಲ್ಲವೂ ಆರರಲ್ಲಿ ಒಂದು ಪಾಲು. ಬಂದೂಕು, ಗುದ್ದಲಿ, ಹೆಲ್ಮೆಟ್ಟನ್ನು ಆರರಲ್ಲಿ ಒಂದಾಗಿ ಮಾಡುವುದು ಅಚ್ಚಿನ ಕೆಲಸ, ಆಗುತ್ತದೆ. ಬಟ್ಟೆ ಮಾತ್ರ ಹಾಗೆ ಕುಗ್ಗುವುದಿಲ್ಲ. ನೇಯ್ಗೆಯ ಎಳೆ ಅಷ್ಟೇ ದಪ್ಪ ಇರುತ್ತದೆ, ಹೊಲಿಯುವ ದಾರವೂ ಅಷ್ಟೇ ದಪ್ಪ. ನಾವು ಹೊಲಿಗೆಗೆ ಅಂತ ಅರ್ಧ ಇಂಚು ಬಟ್ಟೆ ಒಳಗೆ ಬಿಡುತ್ತೇವೆ, ಅಲ್ವಾ? ಈ ಗೊಂಬೆಯ ಅಳತೆಯಲ್ಲಿ ಅದು ಮೂರು ಇಂಚಿಗೆ ಸಮ. ಕಂಕುಳಲ್ಲಿ ಮೂರು ಇಂಚು ಬಟ್ಟೆ ಮಡಚಿಕೊಂಡರೆ ಯಾರಾದರೂ ಕೈ ಇಳಿಸಲು ಆಗುತ್ತದೆಯೇ? ಹಾಗಾಗಿ ಅಂಚನ್ನು ಸಣ್ಣದಾಗಿ ಕತ್ತರಿಸಬೇಕು. ಸಣ್ಣದಾಗಿ ಕತ್ತರಿಸಿದರೆ ಎಳೆ ಬಿಚ್ಚಿಕೊಳ್ಳುತ್ತದೆ. ಬಿಚ್ಚದ ಹಾಗೆ ಮಷೀನಿನಲ್ಲಿ ಅದನ್ನು ಕೂರಿಸಿದವರ ಕೈ ಎಂಥದ್ದಿರಬೇಕು. ಬಟ್ಟೆಗಳ ಚೀಟಿಯಲ್ಲಿ ಹಾಂಗ್‌ಕಾಂಗ್ ಅಂತಲೋ ಜಪಾನ್ ಅಂತಲೋ ಇರುತ್ತದೆ. ಹೊಲಿದವರ ಹೆಸರು ಎಲ್ಲೂ ಇಲ್ಲ. ಅಂಗಿಯ ಮುಂಭಾಗಕ್ಕೆ ಗುಂಡಿ, ಕಾಜಾ ಬದಲು ಟಿಚ್ ಬಟನ್ ಹಾಕಿದ್ದಾರೆ. ಮಕ್ಕಳ ಬೆರಳಿಗೆ ಅದೇ ಸುಲಭ. ಆದರೆ ಜೇಬಿನ ಮುಚ್ಚಳ ನಿಜವಾದ ಮುಚ್ಚಳವೇ. ಎತ್ತಿದರೆ ಕೆಳಗೆ ಜೇಬು ಇದೆ.

ಈಗ ಆ ಸಲಹೆಯ ವಿಷಯಕ್ಕೆ ಬರುತ್ತೇನೆ. ಗೊಂಬೆಯೇ ಮುಖ್ಯ, ಬಟ್ಟೆಬರೆ ಬರೀ ಜತೆಯ ಸಾಮಾನು ಅನ್ನುವ ಧಾಟಿ ಆ ಬರಹದುದ್ದಕ್ಕೂ ಇತ್ತು. ಈ ಗೊಂಬೆ ಹುಟ್ಟಿದ ಕತೆ ನೋಡಿದರೆ ಅದು ತಿರುವುಮುರುವು ಅಂತ ಗೊತ್ತಾಗುತ್ತದೆ. 1959ರಲ್ಲಿ ಮ್ಯಾಟೆಲ್ ಕಂಪನಿ ಬಾರ್ಬಿ ಗೊಂಬೆ ತಂದಿತು. ಒಂದು ಗೊಂಬೆ ಕೊಂಡ ಹುಡುಗಿ ಅದಕ್ಕೆ ಹತ್ತಾರು ಉಡುಪು ಕೊಳ್ಳುತ್ತಾಳೆ ಅಂತ ಎಲ್ಲರಿಗೂ ಗೊತ್ತಾಯಿತು. 1963ರಲ್ಲಿ ಸ್ಟ್ಯಾನ್ ವೆಸ್ಟನ್ ಎಂಬವರು ಗಂಡುಮಕ್ಕಳಿಗೂ ಹೀಗೇ ಒಂದು ಸೈನಿಕ ಗೊಂಬೆ ಮಾಡಬಹುದು ಅನ್ನುವ ಯೋಚನೆಯನ್ನು ಹಾಸ್ಬ್ರೋ ಕಂಪನಿಗೆ ತಂದರು. ಅಲ್ಲಿ ಡಾನ್ ಲೆವೀನ್ ಅದನ್ನು ಕೈಗೆತ್ತಿಕೊಂಡರು. ಚಿತ್ರಕಾರರು ಮುಂದಿಟ್ಟುಕೊಂಡು ಬರೆಯುವ, ಕೈಕಾಲು ಮಡಚುವ ಮರದ ಗೊಂಬೆಯನ್ನು ಒಂದು ಅಂಗಡಿಯಲ್ಲಿ ನೋಡಿ ಅವರಿಗೆ ದಾರಿ ಹೊಳೆಯಿತು. 1964ರಲ್ಲಿ ಜಿ.ಐ. ಜೋ ಮಾರುಕಟ್ಟೆಗೆ ಬಂತು. ಭೂಸೇನೆ, ನೌಕಾಪಡೆ, ಮರೀನ್, ವಾಯುಪಡೆ ಅಂತ ನಾಲ್ಕು ಬಗೆ. ಮೈಯಲ್ಲಿ 21 ಕಡೆ ಚಲನೆ. ಹುಡುಗರು ‘ಡಾಲ್’ ಅಂದರೆ ಮುಟ್ಟುವುದಿಲ್ಲ ಅಂತ ‘ಆಕ್ಷನ್ ಫಿಗರ್’ ಅನ್ನುವ ಹೆಸರನ್ನು ಹಾಸ್ಬ್ರೋದವರೇ ಹುಟ್ಟಿಸಿದರು.

ಒಂದೇ ಮೈಗೆ ಬೇರೆ ಬೇರೆ ಉಡುಪು ಹಾಕಿದರೆ ಬೇರೆ ಬೇರೆ ಮನುಷ್ಯ. ಅದೇ ಈ ಆಟಿಕೆಯ ಗುಟ್ಟು. ಟೋಪಿ, ಬೆಲ್ಟು, ಗುಡಾರ, ಊಟದ ತಟ್ಟೆ, ಗುದ್ದಲಿ, ಎಲ್ಲ ಬಿಡಿಬಿಡಿಯಾಗಿ ಸಿಗುತ್ತಿದ್ದವು. ಗೊಂಬೆಯನ್ನು ಒಂದು ಸಲ ಕೊಂಡರೆ ಸಾಕು, ಸಾಮಾನನ್ನು ವರ್ಷಗಟ್ಟಲೆ ಕೊಳ್ಳುತ್ತಲೇ ಇರಬಹುದು. ಹಾಗಾಗಿ ಬರಿಮೈ ಗೊಂಬೆಯೊಂದನ್ನು ಕೈಗೆ ಕೊಟ್ಟರೆ ನಾನು ಅದನ್ನು ಅರ್ಧ ಆಟಿಕೆ ಅಂತಲೇ ಲೆಕ್ಕ ಹಾಕುತ್ತೇನೆ. ಉಳಿದರ್ಧ ಇರುವುದು ಆ ಸಣ್ಣಪುಟ್ಟ ಸಾಮಾನಿನಲ್ಲಿ. ಮೊದಲು ಕಳೆದುಹೋಗುವುದೂ ಅದೇ.

1967ರಲ್ಲಿ ಬಂದ ನರ್ಸ್ ಗೊಂಬೆಯನ್ನೇ ನೋಡಿ. ಹಸಿರು ಕಣ್ಣು, ಹೊಂಬಣ್ಣದ ಕೂದಲು, ಬಿಳಿ ಉಡುಪು. ಹುಡುಗರು ಹೆಣ್ಣು ಗೊಂಬೆ ಅಂತ ಬಿಟ್ಟರು, ಹುಡುಗಿಯರು ಸೈನಿಕರ ಸಾಲಿನ ಗೊಂಬೆ ಅಂತ ಬಿಟ್ಟರು. ಮಾರಾಟ ಆಗಲಿಲ್ಲ, ಹಾಗಾಗಿ ಈಗ ಅಪರೂಪ. ಅದರ ಜತೆ ಹೆಗಲಿಗೆ ಹಾಕುವ ಚೀಲ, ಸ್ಟೆತಸ್ಕೋಪ್, ಪ್ಲಾಸ್ಮಾ ಬಾಟಲಿ, ಊರುಗೋಲು, ಬ್ಯಾಂಡೇಜು ಬರುತ್ತಿದ್ದವು. ಇವೆಲ್ಲ ಒಟ್ಟಿಗೆ ಉಳಿದ ಒಂದು ಗೊಂಬೆಯನ್ನು ನಾನು ಫೋಟೋದಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿಲ್ಲ. ತಲೆಯ ಮೇಲಿನ ಬಿಳಿ ಟೋಪಿ ಬೆರಳುಗಳ ನಡುವೆ ಅಡಗುವಷ್ಟು ಚಿಕ್ಕದು. ಮನೆ ಗುಡಿಸುವಾಗ ಅದು ಕಸದ ಜತೆ ಹೋಗದೆ ಇನ್ನೇನಾಗುತ್ತದೆ?

ಇನ್ನು ಆ ಸ್ವೆಟರ್ ಕತೆ.

ಇಂಗ್ಲೆಂಡಿನ ಲೆಸ್ಟರ್‌ಶೈರ್‌ನ ಕೋಲ್‌ವಿಲ್ ಎಂಬ ಊರಿನಲ್ಲಿ ಪ್ಯಾಲಿಟಾಯ್ ಅಂತ ಒಂದು ಕಂಪನಿ ಇತ್ತು. ಹಾಸ್ಬ್ರೋದಿಂದ ಪರವಾನಗಿ ಪಡೆದು 1966ರಿಂದ 1984ರವರೆಗೆ ಇದೇ ಗೊಂಬೆಯನ್ನು ‘ಆಕ್ಷನ್ ಮ್ಯಾನ್’ ಅನ್ನುವ ಹೆಸರಲ್ಲಿ ಮಾಡಿತು. 1970ರಲ್ಲಿ ತಲೆಗೆ ಮಖಮಲ್ಲಿನ ಹಾಗೆ ನವಿರಾದ ಕೂದಲು ಅಂಟಿಸುವ ವಿಧಾನ ತಂದವರೂ ಅವರೇ. ಅದಕ್ಕೂ ಮೊದಲು ಕೂದಲು ಅಂದರೆ ಬರೀ ಬಣ್ಣ. ಇಂಥದ್ದೊಂದು ಗೊಂಬೆ ನಾಲ್ಕು ವರ್ಷದ ಹಿಂದೆ ಮಾರಾಟಕ್ಕೆ ಬಂತು. ಫೋಟೋದಲ್ಲಿ ಅದು ಬೂದು ಬಣ್ಣದ ಸ್ವೆಟರ್ ಹಾಕಿಕೊಂಡಿತ್ತು. ಕೈಯಲ್ಲಿ ಹೆಣೆದದ್ದು. ಎದೆಯ ಮೇಲೆ ಎರಡು ಕೆಂಪು ಗೆರೆ. ಎಡತೋಳು ಬಲತೋಳಿಗಿಂತ ಎರಡು ಸಾಲು ಉದ್ದ. ಕತ್ತಿನ ಹತ್ತಿರ ಹಿಂದುಗಡೆ ಸೀಳಿ ಒಂದು ಟಿಚ್ ಬಟನ್ ಹಾಕಿದ್ದರು. ಅದಿಲ್ಲದಿದ್ದರೆ ತಲೆ ತೂರುವುದಿಲ್ಲ. ಇದನ್ನು ಹೆಣೆದವರು ಗೊಂಬೆಯನ್ನು ಪಕ್ಕದಲ್ಲಿ ಇಟ್ಟುಕೊಂಡು, ಮತ್ತೆ ಮತ್ತೆ ಅಳೆದು ನೋಡಿದ್ದಾರೆ. ಆ ಬಟನ್ನೇ ಅದಕ್ಕೆ ಸಾಕ್ಷಿ.

ನಾನು ಆ ಗೊಂಬೆ ಕೊಂಡಿದ್ದೇ ಸ್ವೆಟರಿಗೋಸ್ಕರ. ಪಾರ್ಸೆಲ್ ಬಂತು. ಗೊಂಬೆ ಇತ್ತು, ಬೂಟು ಇದ್ದವು, ಒಂದು ಬೆಲ್ಟೂ ಇತ್ತು. ಸ್ವೆಟರ್ ಇರಲಿಲ್ಲ. ಮಾರಿದವರಿಗೆ ಬರೆದು ಕೇಳಿದೆ. ತುಂಬ ವಿನಯದಿಂದಲೇ ಉತ್ತರ ಬರೆದರು. ಅದು ಕಂಪನಿಯದ್ದಲ್ಲ, ಮನೆಯಲ್ಲಿ ಹೆಣೆದದ್ದು, ಗೊಂಬೆ ಚೊಕ್ಕಟವಾಗಿ ಕಾಣಲಿ ಅಂತ ತೆಗೆದು ಕಸಕ್ಕೆ ಹಾಕಿದೆ ಅಂದರು. ನನಗೆ ಒಳ್ಳೆಯದು ಮಾಡಿದ್ದೇನೆ ಅಂತಲೇ ಅವರು ನಂಬಿದ್ದರು. ಅವತ್ತು ನನಗೆ ಮಷೀನಿನ ಮುಂದೆ ಕೂರಲು ಆಗಲಿಲ್ಲ. ಐದು ದಶಕ ಒಂದು ಮನೆಯಲ್ಲಿ, ಒಂದು ಗೊಂಬೆಯ ಮೈಮೇಲೆ ಉಳಿದಿದ್ದ ವಸ್ತು. ಅದು ಕೈತಪ್ಪಿ ಹೋಗಲಿಲ್ಲ, ತಿಳಿದೇ ಎಸೆದರು. ಅದೂ ನಿಮ್ಮ ಪುರವಣಿಯಲ್ಲಿ ಬಂದಂಥದ್ದೇ ಸಲಹೆ ಓದಿಕೊಂಡು.

ಇನ್ನೊಂದು ಉಡುಪು ನನ್ನ ಪುಣ್ಯಕ್ಕೆ ಉಳಿದಿದೆ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಂದು ಕಂದು ಕೋಟು. ಅಮೆರಿಕದಿಂದ ಬಂದದ್ದು, 1966ರ ನಂತರದ ಒಂದು ಜಿ.ಐ. ಜೋ ಜತೆ. ನಂತರದ್ದು ಅಂತ ಹೇಗೆ ಗೊತ್ತು ಅಂದರೆ, ಈ ಗೊಂಬೆಯ ಬೆನ್ನಿನ ಕೆಳಗೆ, ಬಲ ಪೃಷ್ಠದ ಮೇಲೆ ಅಕ್ಷರ ಒತ್ತಿರುತ್ತಾರೆ. 1964ರದ್ದಕ್ಕೆ ಪೇಟೆಂಟ್ ಇನ್ನೂ ಬರಬೇಕಿದೆ ಅಂತ ಇರುತ್ತದೆ. ಪೇಟೆಂಟ್ ಸಿಕ್ಕಿದ್ದು 1966ರ ಅಕ್ಟೋಬರಿನಲ್ಲಿ. ಆಮೇಲೆ ಮಾಡಿದ್ದರ ಮೇಲೆ 3,277,602 ಅನ್ನುವ ನಂಬರು ಬರುತ್ತದೆ. ನನ್ನದರಲ್ಲಿ ಆ ನಂಬರಿದೆ.

ಕೋಟಿನ ಬಟ್ಟೆ ಉಣ್ಣೆಯದ್ದು, ದಪ್ಪ. ದೊಡ್ಡವರ ಕೋಟಿನಿಂದ ಕತ್ತರಿಸಿದ್ದು ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಯಾಕೆಂದರೆ ಗೊಂಬೆಯ ಬೆನ್ನಿನ ನಡುವೆ ಅಡ್ಡಕ್ಕೆ ಒಂದು ಹಳೇ ಮಡಿಕೆಯ ಗುರುತು ಹಾದುಹೋಗಿದೆ. ಅದು ಯಾರದೋ ತೋಳಿನ ಅಂಚಿನ ಮಡಿಕೆ. ಅಲ್ಲಿ ಬಣ್ಣ ಬೇರೆ, ಮಾಸಿಲ್ಲ. ಒಳಗೆ ಲೈನಿಂಗ್ ಕೊಟ್ಟಿದ್ದಾರೆ. ಗೊಂಬೆಯ ಕೋಟಿಗೆ ಲೈನಿಂಗ್! ಕಂಪನಿಯವರೇ ಎಷ್ಟೋ ಉಡುಪಿಗೆ ಕೊಟ್ಟಿರಲಿಲ್ಲ. ಮುಂದೆ ಮೂರು ಕಾಜಾ, ಕೈಯಲ್ಲಿ ಮಾಡಿದ್ದು. ಮೊದಲನೆಯದು ಒರಟು, ದಾರ ಒಂದರ ಮೇಲೊಂದು ಹತ್ತಿದೆ. ಎರಡನೆಯದು ಪರವಾಗಿಲ್ಲ. ಮೂರನೆಯದು ನಾನು ಮಾಡಿದ್ದರೂ ಅಷ್ಟು ಚೆಂದ ಬರುತ್ತಿರಲಿಲ್ಲ. ಒಂದೇ ಕೋಟಿನಲ್ಲಿ, ಬಹುಶಃ ಒಂದೇ ಸಂಜೆಯಲ್ಲಿ, ಒಬ್ಬರ ಕೈ ಪಳಗಿದ್ದು ಕಣ್ಣಿಗೆ ಕಾಣುತ್ತದೆ. ಬಲಗಡೆ ಜೇಬಿನ ಮೂಲೆ ಕಿತ್ತುಬಂದು ಬೇರೆ ಬಣ್ಣದ ದಾರದಲ್ಲಿ ಮತ್ತೆ ಹೊಲಿದಿದ್ದಾರೆ. ಅಂದರೆ ಮಗು ಆ ಜೇಬಿಗೆ ಏನೋ ತುರುಕುತ್ತಿತ್ತು. ಹರಿಯುವಷ್ಟು ಆಡಿತ್ತು. ಯಾರೋ ಸರಿಮಾಡಿ ಕೊಟ್ಟರು.

ಕಂಪನಿಯ ಉಡುಪು ಸಾವಿರಾರು ಬಂದಿವೆ. ಅವು ಹೇಗಿದ್ದವು ಅಂತ ತಿಳಿಯಲು ಕ್ಯಾಟಲಾಗ್ ಇದೆ, ಜಾಹೀರಾತು ಇದೆ, ಡಬ್ಬಿ ಬಿಚ್ಚದ ಸೆಟ್ಟುಗಳೂ ಇವೆ. ಈ ಕೋಟು ಮಾತ್ರ ಜಗತ್ತಿನಲ್ಲಿ ಒಂದೇ. ಗೊಂಬೆ ಕಾರ್ಖಾನೆಯಿಂದ ಹೇಗೆ ಹೊರಟಿತು ಅಂತ ಕಂಪನಿಯ ಬಟ್ಟೆ ಹೇಳುತ್ತದೆ. ಮನೆ ಸೇರಿದ ಮೇಲೆ ಏನಾಯಿತು ಅಂತ ಹೇಳುವುದು ಈ ಕೋಟು.

ಶುದ್ಧ ಸಂಗ್ರಹ ಬೇಕು ಅನ್ನುವವರ ಮೇಲೆ ನನಗೆ ಸಿಟ್ಟಿಲ್ಲ. ಪೆಟ್ಟಿಗೆಯಿಂದ ತೆಗೆದ ದಿನದ ಹಾಗೆ ಗೊಂಬೆ ಇರಬೇಕು ಅನ್ನುವ ಆಸೆ ನನಗೂ ಗೊತ್ತು. ಆ ಒಂಟಿ ಬೂಟಿಗೆ ಜೋಡಿ ಹುಡುಕಿ ಎರಡು ವರ್ಷ ಕಳೆದವಳು ನಾನು. ಕಂದು ಬೂಟು ಸಿಗುತ್ತಿತ್ತು, ಕಪ್ಪು ಬೂಟು ಸಿಗುತ್ತಿತ್ತು, ಆದರೆ ಅಷ್ಟೇ ಎತ್ತರದ, ಅಷ್ಟೇ ಮಾಸಿದ ಎಡಗಾಲಿನದು ಸಿಗಲಿಲ್ಲ. ಸಿಕ್ಕ ದಿನ ಮನೆಯವರಿಗೆಲ್ಲ ತೋರಿಸಿದೆ. ಹಾಗಾಗಿ ನಾನು ಕೇಳುವುದು ಇಷ್ಟೇ. ಗೊಂಬೆಗೆ ಕಂಪನಿಯ ಉಡುಪನ್ನೇ ತೊಡಿಸಿ, ಬೇಡ ಅನ್ನುವುದಿಲ್ಲ. ಮನೆಯಲ್ಲಿ ಹೊಲಿದದ್ದನ್ನು ಅದೇ ಗೊಂಬೆಯ ಹೆಸರಲ್ಲಿ ಒಂದು ಕಾಗದದಲ್ಲಿ ಸುತ್ತಿ ಅದರ ಪೆಟ್ಟಿಗೆಯಲ್ಲೇ ಇಡಿ. ಮಾರುವಾಗ ಜತೆಗೇ ಕೊಡಿ. ಎಷ್ಟು ಜಾಗ ಹಿಡಿದೀತು? ಅಂಗೈಯಗಲ.

ಬೆಲೆಯ ಮಾತೂ ಬಂದಿತ್ತು ಬರಹದಲ್ಲಿ. 2003ರಲ್ಲಿ ಒಂದು ಜಿ.ಐ. ಜೋ ಹರಾಜಿನಲ್ಲಿ 2 ಲಕ್ಷ ಡಾಲರಿಗೆ ಹೋಯಿತು. ಇಷ್ಟು ಬೆಲೆ ಬಂದಿದ್ದು ಡಬ್ಬಿ ಬಿಚ್ಚದ ಗೊಂಬೆಗಲ್ಲ. ಕಾರ್ಖಾನೆಯ ಅಚ್ಚು ತಯಾರಾಗುವ ಮೊದಲೇ ಕೈಯಲ್ಲಿ ಮಾಡಿದ, ಡಾನ್ ಲೆವೀನ್ ಇಟ್ಟುಕೊಂಡಿದ್ದ ಮೊದಲ ಮಾದರಿಗೆ. ಕೈಕೆಲಸಕ್ಕೆ ಬೆಲೆಯಿಲ್ಲ ಅನ್ನುವವರು ಇದನ್ನೊಮ್ಮೆ ಯೋಚಿಸಲಿ.

ನಕಲಿನ ವಿಷಯದಲ್ಲಿ ಮಾತ್ರ ನಾನು ತುಂಬ ಕಟ್ಟುನಿಟ್ಟು. ಮನೆಯಲ್ಲಿ ಹೊಲಿದದ್ದೇ ಬೇರೆ, ನಕಲೇ ಬೇರೆ. ತಾಯಿ ಹೊಲಿದ ಕೋಟು ತಾನು ಕಂಪನಿಯದ್ದು ಅಂತ ಯಾರಿಗೂ ಸುಳ್ಳು ಹೇಳುವುದಿಲ್ಲ. ಈಗ ಮಾಡಿದ ಬೆಲ್ಟನ್ನು ಟೀ ನೀರಿನಲ್ಲಿ ಅದ್ದಿ, ಹಳೇದು ಅಂತ ಮಾರಿದರೆ ಅದು ಸುಳ್ಳು. ಹಾಸ್ಬ್ರೋದವರೇ ಗೊಂಬೆಗೆ 40 ವರ್ಷ ತುಂಬಿದ ಹೊತ್ತಿಗೆ ಹಳೇ ಸೆಟ್ಟುಗಳನ್ನು ಮತ್ತೆ ಮಾಡಿದರು. ಬೇರೆಯವರೂ ಕೈ, ಬೂಟು, ಟೋಪಿ ಅಂತ ಬಿಡಿಭಾಗ ಮಾಡುತ್ತಾರೆ. ಅದರಲ್ಲಿ ತಪ್ಪೇನಿಲ್ಲ. 1974ರಲ್ಲಿ ಬಂದ, ವಸ್ತು ಹಿಡಿಯುವ ‘ಕುಂಗ್ ಫು ಗ್ರಿಪ್’ ಮೆತ್ತನೆ ಕೈಗಳು ಕಾಲ ಕಳೆದಂತೆ ಬಿರುಕು ಬಿಟ್ಟು, ಬೆರಳು ಒಂದೊಂದಾಗಿ ಉದುರುತ್ತವೆ. ಹೊಸ ಕೈ ಹಾಕದೆ ಬೇರೆ ದಾರಿಯಿಲ್ಲ. ಆದರೆ ಹಾಕಿದ್ದನ್ನು ಹೇಳಿ. ಕಿತ್ತ ಹಳೇ ಕೈಯನ್ನು ಪೊಟ್ಟಣದಲ್ಲಿ ಹಾಕಿ ಜತೆಗೇ ಇಡಿ.

ಈ ಗೊಂಬೆ ಮಾಡಿದವರಿಗೇ ನಕಲಿನ ಭಯ ಇತ್ತು. ಮನುಷ್ಯನ ಮೈಯಾಕಾರಕ್ಕೆ ಹಕ್ಕು ಕೇಳಲು ಆಗುವುದಿಲ್ಲ. ಅದಕ್ಕೇ ಬಲಗೆನ್ನೆಯ ಮೇಲೆ ಒಂದು ಗಾಯದ ಗುರುತು ಇಟ್ಟರು. ಬಲಗೈ ಹೆಬ್ಬೆರಳಿನ ಉಗುರು ಮೇಲೆ ಇರುವ ಬದಲು ಒಳಮಗ್ಗುಲಿಗೆ ಇದೆ. ನಕಲು ಮಾಡಿದವರು ಆ ಉಗುರನ್ನೂ ಹಾಗೇ ಇಳಿಸಿಕೊಂಡರೆ ಸಿಕ್ಕಿಬೀಳುತ್ತಾರೆ. ನಾನು ಮೊದಲ ಸಲ ಆ ಉಗುರು ನೋಡಿದಾಗ ಗೊಂಬೆ ಕೆಟ್ಟದಾಗಿ ಅಚ್ಚಾಗಿದೆ ಅಂದುಕೊಂಡಿದ್ದೆ. ಈಗ ಯಾವ ಗೊಂಬೆ ಕೈಗೆ ಬಂದರೂ ಮೊದಲು ಹೆಬ್ಬೆರಳು ತಿರುಗಿಸಿ ನೋಡುತ್ತೇನೆ.

ಬಟ್ಟೆಯಲ್ಲೂ ಮೋಸ ನಡೆಯುತ್ತದೆ. 1978ರಲ್ಲಿ ಕೆನ್ನರ್ ಕಂಪನಿ ಸ್ಟಾರ್ ವಾರ್ಸ್ ಸಿನಿಮಾದ ಗೊಂಬೆಗಳನ್ನು ತಂದಾಗ ಜಾವಾ ಅನ್ನುವ ಕುಳ್ಳ ಗೊಂಬೆಗೆ ಮೊದಲು ವಿನೈಲ್ ಅನ್ನುವ ಮೆತ್ತನೆ ಪ್ಲಾಸ್ಟಿಕ್ಕಿನ ಮೇಲಂಗಿ ಕೊಟ್ಟಿತ್ತು. ಬೇಗನೇ ಅದನ್ನು ಬಿಟ್ಟು ಬಟ್ಟೆಯದ್ದು ಹಾಕಿತು. ಹಾಗಾಗಿ ವಿನೈಲಿನದು ಅಪರೂಪ. ಬೇರೆ ಗೊಂಬೆಯ ವಿನೈಲ್ ಮೇಲಂಗಿ ಕತ್ತರಿಸಿ ಜಾವಾಗೆ ತೊಡಿಸಿ ಮಾರುವವರು ಇದ್ದಾರೆ. ಕತ್ತರಿಸಿದ ಅಂಚು ನೋಡಿದರೆ ಗೊತ್ತಾಗುತ್ತದೆ. ಅಚ್ಚಿನಲ್ಲಿ ಒತ್ತಿ ಕತ್ತರಿಸಿದ ಅಂಚು ಒಂದೇ ಸಮ ಇರುತ್ತದೆ. ಕತ್ತರಿ ಆಡಿದ ಅಂಚಿನಲ್ಲಿ ಕತ್ತರಿ ನಿಂತು ಮುಂದೆ ಸರಿದ ಜಾಗ ಕಾಣುತ್ತದೆ. ದಿನವೂ ಕತ್ತರಿ ಹಿಡಿಯುವವರ ಕಣ್ಣಿಗೆ ಅದು ತಪ್ಪುವುದಿಲ್ಲ. ಕೆಲವರು ನೇರಳಾತೀತ (ಯುವಿ) ಬೆಳಕಿನ ಟಾರ್ಚು ಹಾಕಿ, ದಾರ ಹೊಳೆದರೆ ಹೊಸದು ಅನ್ನುತ್ತಾರೆ. ಅದನ್ನೊಂದನ್ನೇ ನಂಬಬೇಡಿ. ಹಳೇ ಬಟ್ಟೆಯನ್ನು ಸೋಪಿನ ಪುಡಿಯಲ್ಲಿ ಒಗೆದಿದ್ದರೂ ಹೊಳೆಯುತ್ತದೆ.

ಒಗೆಯುವ ಮಾತು ಬಂತು. ಇದರಲ್ಲಿ ಜನ ತುಂಬ ಹಾಳುಮಾಡುತ್ತಾರೆ. ಈ ಗೊಂಬೆಯ ಕೈಕಾಲುಗಳನ್ನು ಒಳಗಿನಿಂದ ಎಲಾಸ್ಟಿಕ್ ದಾರ ಮತ್ತು ಲೋಹದ ಕೊಕ್ಕೆ ಹಿಡಿದಿರುತ್ತವೆ. ಪೂರ್ತಿ ನೀರಿನಲ್ಲಿ ಮುಳುಗಿಸಿದರೆ ಒಳಗೆ ನೀರು ನಿಂತು ಕೊಕ್ಕೆ ತುಕ್ಕು ಹಿಡಿಯುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಎಲಾಸ್ಟಿಕ್ ಸಡಿಲವಾಗಿ ಗೊಂಬೆ ನಿಲ್ಲದಿದ್ದರೆ ಹೊಸ ಎಲಾಸ್ಟಿಕ್ ಹಾಕಬಹುದು. ಅದು ನಕಲಲ್ಲ, ರಿಪೇರಿ. ಬೂಟನ್ನು ಒಣಗಿದ್ದಾಗಲೇ ಎಳೆಯಬೇಡಿ. ಹಿಂಬದಿ ಸೀಳುತ್ತದೆ, ಇಲ್ಲ ಕಾಲಿನ ಗಂಟು ಮುರಿಯುತ್ತದೆ. ಬೂಟಿನ ಭಾಗ ಮಾತ್ರ ಉಗುರುಬೆಚ್ಚಗಿನ ನೀರಿನಲ್ಲಿ ಒಂದೆರಡು ನಿಮಿಷ ಇಟ್ಟರೆ ಮೆತ್ತಗಾಗಿ ಜಾರುತ್ತದೆ. ಮೆತ್ತನೆ ವಿನೈಲ್ ಸಾಮಾನನ್ನು ಗಟ್ಟಿ ಪ್ಲಾಸ್ಟಿಕ್ಕಿಗೆ ಒತ್ತಿ ವರ್ಷಗಟ್ಟಲೆ ಇಡಬೇಡಿ. ವಿನೈಲನ್ನು ಮೆತ್ತಗಿಡಲು ಹಾಕಿದ ಎಣ್ಣೆಯಂಥ ಪದಾರ್ಥ ನಿಧಾನವಾಗಿ ಹೊರಬರುತ್ತದೆ. ಅದು ಪಕ್ಕದ ಗಟ್ಟಿ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ನನ್ನ ಒಂದು ಬಂದೂಕಿನ ಹಿಡಿ ಹೀಗೇ ಬೂಟಿಗೆ ತಾಗಿ ಹಾಳಾಯಿತು. ರಬ್ಬರ್ ಬ್ಯಾಂಡ್ ಅಂತೂ ಬೇಡವೇ ಬೇಡ. ಟಿಚ್ ಬಟನ್ ತುಕ್ಕು ಹಿಡಿದಿದ್ದರೆ ಅದರ ಕೆಳಗೆ ಆಮ್ಲವಿಲ್ಲದ ಕಾಗದ ಇಟ್ಟು ಮಡಚಿ. ಬಿಸಿಲಿಗೆ ಇಡಬೇಡಿ.

ಕೊನೆಯದಾಗಿ, ಹಳೇ ಮನೆ ಖಾಲಿ ಮಾಡುವವರಿಗೆ ಮತ್ತು ಮಾರುವವರಿಗೆ ನನ್ನ ಬೇಡಿಕೆ. ಅಟ್ಟದಲ್ಲೋ ಪೆಟ್ಟಿಗೆಯಲ್ಲೋ ಇಂಥ ಗೊಂಬೆ ಸಿಕ್ಕರೆ ಏನನ್ನೂ ಮುಟ್ಟುವ ಮೊದಲು ಒಂದು ಫೋಟೋ ತೆಗೆಯಿರಿ. ಗೊಂಬೆ ಏನು ಹಾಕಿಕೊಂಡಿತ್ತು, ಜೇಬಿನಲ್ಲಿ ಏನಿತ್ತು, ಪೆಟ್ಟಿಗೆಯ ಯಾವ ಮೂಲೆಯಲ್ಲಿ ಏನಿತ್ತು, ಎಲ್ಲ ಫೋಟೋದಲ್ಲಿ ಉಳಿಯಲಿ. ಪೆಟ್ಟಿಗೆಯ ತಳದ ಧೂಳನ್ನು ಬಿಳಿ ಕಾಗದದ ಮೇಲೆ ಕೊಡವಿ ನೋಡಿ. ಸರಪಳಿಯಲ್ಲಿ ತೂಗುವ ಗುರುತಿನ ಬಿಲ್ಲೆ, ಬೆಲ್ಟಿನ ಕೊಂಡಿ, ಎಲ್ಲ ಅಲ್ಲೇ ಇರುತ್ತವೆ. ಬಿಡಿಬಿಡಿಯಾಗಿ ಮಾರಿದರೆ ಜಾಸ್ತಿ ದುಡ್ಡು ಬರುತ್ತದೆ ಅಂತ ನನಗೂ ಗೊತ್ತು. ಹೆಲ್ಮೆಟ್ ಒಬ್ಬರಿಗೆ, ಬಂದೂಕು ಒಬ್ಬರಿಗೆ, ಗೊಂಬೆ ಇನ್ನೊಬ್ಬರಿಗೆ. ಹಾಗೆ ಮಾರಲೇಬೇಕಾದರೂ ಆ ಮೊದಲ ಫೋಟೋವನ್ನು ಪ್ರತಿಯೊಬ್ಬರಿಗೂ ಕೊಡಿ. ಯಾವ ಹೆಲ್ಮೆಟ್ ಯಾವ ಗೊಂಬೆಯದ್ದು ಅಂತ ಮುಂದೊಂದು ದಿನ ಯಾರಾದರೂ ಹುಡುಕಿಯಾರು.

ಆ ಮೊದಲ ಹಸಿರು ಪೆಟ್ಟಿಗೆಯ ಮುಚ್ಚಳದ ಒಳಗೆ ಪೆನ್ಸಿಲಿನಲ್ಲಿ ಒಂದು ಪಟ್ಟಿ ಇದೆ. ಮಗುವಿನ ಅಕ್ಷರ. ಬೂಟು 2, ಟೋಪಿ 1, ಬಾಟಲಿ 1 ಅಂತ ಇಂಗ್ಲಿಷಿನಲ್ಲಿ ಬರೆದಿದೆ. ಬಾಟಲಿಯ ಮುಂದೆ ಗೀಟು ಹಾಕಿ ‘ಕಳೆದಿದೆ’ ಅಂತ ಬರೆದಿದೆ. ಅಂದರೆ ಅದು ಕಳೆದಿದ್ದು ಆಗಲೇ. ಆ ಹುಡುಗ ಹುಡುಕಿದ್ದಾನೆ, ಸಿಗಲಿಲ್ಲ. ನಾನು ಬೇರೆ ಬಾಟಲಿ ಕೊಂಡು ಆ ಕವಚದೊಳಗೆ ಹಾಕಲಿಲ್ಲ. ಕವಚ ಖಾಲಿಯೇ ಇದೆ.

ಸ್ವೆಟರ್ ಕಳೆದುಕೊಂಡ ಆ ಆಕ್ಷನ್ ಮ್ಯಾನ್ ಕೂಡ ಹಾಗೇ ಇದೆ. ಮಾರಾಟದ ಫೋಟೋವನ್ನು ದೊಡ್ಡದು ಮಾಡಿ ಎಳೆ ಎಣಿಸಿದ್ದೇನೆ. ಎದೆಯ ಅಗಲಕ್ಕೆ 26 ಹೆಣಿಗೆ, ಕೆಂಪು ಗೆರೆ ಎರಡೆರಡು ಸಾಲು. ಅದೇ ಬೂದು ಬಣ್ಣದ ಉಣ್ಣೆ ದಾರ ಮನೆಯಲ್ಲಿದೆ, ಕಡ್ಡಿಯೂ ಇದೆ. ಒಂದು ಸಂಜೆಯ ಕೆಲಸ. ಆದರೂ ಹೆಣೆದಿಲ್ಲ. ಆ ಫೋಟೋದ ಒಂದು ಪ್ರತಿಯನ್ನು ಗೊಂಬೆಯ ಡಬ್ಬಿಯಲ್ಲಿ ಹಾಕಿ, ಹಿಂದುಗಡೆ ಎಲ್ಲ ಬರೆದಿಟ್ಟಿದ್ದೇನೆ. ಎಡತೋಳು ಎರಡು ಸಾಲು ಉದ್ದ ಇತ್ತು ಅನ್ನುವುದನ್ನೂ ಸೇರಿಸಿ.

ಇತಿ,
ನಿಮ್ಮ ಪತ್ರಿಕೆಯ ಹಳೇ ಓದುಗಾರ್ತಿ